ಹಿತ್ತಲಿನಲ್ಲಿ ಜೇನುಪೆಟ್ಟಿಗೆ ಎಲ್ಲಿಡಬೇಕು? ಪುಣೆ, ಗೋವಾ, ಮುಂಬೈ ಕನ್ನಡಿಗರ ಅನುಭವಗಳು

ಪ್ರಶ್ನೆ (ಸಿಂಹಗಡ ರಸ್ತೆ, ಪುಣೆ): ನಮ್ಮೂರು ಶಿರಸಿ ಕಡೆ. ಅಪ್ಪನ ತೋಟದಲ್ಲಿದ್ದಂತೆ ಇಲ್ಲಿಯೂ ತುಡುವೆ ಜೇನು ಸಾಕುವ ಆಸೆ. ಸಾಲುಮನೆಯ ಸಣ್ಣ ಹಿತ್ತಲು, ಮೂರು ಕಡೆಯೂ ನೆರೆಮನೆ. ಯಾರ ಕಣ್ಣಿಗೂ ಬೀಳದ ಹಾಗೆ ಪೆಟ್ಟಿಗೆಯನ್ನು ಎಲ್ಲಿಡಲಿ?

ಕೊಥರೂಡ್, ಪುಣೆ: ಅಕ್ಕ, ಪೆಟ್ಟಿಗೆ ಅಡಗಿಸುವುದು ಸುಲಭ, ಹುಳುಗಳ ದಾರಿಯ ಬಗ್ಗೆ ಮೊದಲು ಯೋಚಿಸಿ. ಅವು ನೆರೆಯವರ ಮುಖದ ಮಟ್ಟದಲ್ಲಿ ಹಾದುಹೋದರೆ ಎಷ್ಟು ಮರೆಯಲ್ಲಿಟ್ಟರೂ ದೂರು ಬರುತ್ತದೆ. ಗೂಡಿನ ಬಾಗಿಲಿನಿಂದ ನಾಲ್ಕೈದು ಅಡಿ ಬಿಟ್ಟು ಆರಡಿಗಿಂತ ಎತ್ತರದ ಬೇಲಿಯೋ ಹಸಿರು ಬಲೆಯೋ ಇರಲಿ. ಅದನ್ನು ದಾಟಲು ಹುಳುಗಳು ಅಲ್ಲಿಯೇ ಮೇಲೇರುತ್ತವೆ, ಆಮೇಲೆ ಜನರ ತಲೆಯ ಮೇಲಿನಿಂದಲೇ ಹೋಗುತ್ತವೆ. ನಾನು ದಾಸವಾಳದ ಸಾಲು ಬೆಳೆಸಿ, ಪೆಟ್ಟಿಗೆಗೂ ಎಲೆಹಸಿರು ಬಣ್ಣ ಬಳಿದಿದ್ದೇನೆ. ಬಾಗಿಲು ಪೂರ್ವಕ್ಕೋ ಆಗ್ನೇಯಕ್ಕೋ ಇದ್ದರೆ ಬೆಳಗಿನ ಬಿಸಿಲು ಸಿಗುತ್ತದೆ; ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಕ್ಕೆ ಮಾತ್ರ ನೆರಳು ಬೇಕೇ ಬೇಕು.

ಇನ್ನೊಂದು ಸಂಗತಿ ಹಿಕ್ಕೆ. ಹುಳುಗಳು ಹಾರುತ್ತಲೇ ಹಿಕ್ಕೆ ಹಾಕುತ್ತವೆ, ಹಳದಿ ಚುಕ್ಕೆಗಳು ಬೀಳುತ್ತವೆ. ದಾರಿಯ ಕೆಳಗೆ ಪಕ್ಕದವರ ಬಟ್ಟೆಯ ತಂತಿ ಅಥವಾ ಬಿಳಿ ಕಾರು ಇದ್ದರೆ ಆ ಮೂಲೆಯನ್ನು ಬಿಟ್ಟುಬಿಡಿ. ಕುಟುಕಿದ್ದಕ್ಕಿಂತ ಈ ಚುಕ್ಕೆಗಳಿಂದಾದ ಜಗಳವನ್ನೇ ನಾನು ಹೆಚ್ಚು ಕಂಡಿದ್ದೇನೆ. ಪೆಟ್ಟಿಗೆ ಬರುವ ಮೊದಲೇ ಅಗಲ ಬಟ್ಟಲಿನಲ್ಲಿ ಕಲ್ಲು ಹಾಕಿ ನೀರಿಡಿ. ಒಮ್ಮೆ ಪಕ್ಕದವರ ನಲ್ಲಿಯ ರೂಢಿಯಾದರೆ ಬಿಡಿಸುವುದು ಕಷ್ಟ. ಖಾದಿ ಆಯೋಗದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ 1962ರಿಂದ ಪುಣೆಯ ಗಣೇಶಖಿಂಡ್ ರಸ್ತೆಯಲ್ಲಿದೆ, ಒಮ್ಮೆ ಹೋಗಿ ಬನ್ನಿ.

ಫೋಂಡಾ, ಗೋವಾ: ನಮ್ಮಲ್ಲಿ ತುಡುವೆಗೆ ಸಾತೇರಿ ಎನ್ನುತ್ತಾರೆ. ಜಾಗ ಆರಿಸುವಾಗ ಮಳೆಗಾಲವನ್ನು ನೆನಪಿಡಿ. ಗಾಳಿಮಳೆ ನೈರುತ್ಯದಿಂದ ಬರುತ್ತದೆ, ಅತ್ತ ಪೆಟ್ಟಿಗೆಯ ಬೆನ್ನಿರಲಿ. ಒಳಗೆ ನೀರು ನಿಲ್ಲದಂತೆ ತುಸು ಮುಂದಕ್ಕೆ ಬಾಗಿರಲಿ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸದಿದ್ದರೆ ಇರುವೆಗಳು ನುಗ್ಗುತ್ತವೆ, ಬೇಸತ್ತ ತುಡುವೆ ಗೂಡನ್ನೇ ಬಿಟ್ಟು ಹೋಗುತ್ತದೆ. ಬಿಡದೆ ಮಳೆ ಸುರಿಯುವಾಗ ಸಕ್ಕರೆಪಾಕ ಕೊಡಬೇಕು, ಎರಿಗೆ, ಅಂದರೆ ಹುಳುಗಳು ಕಟ್ಟಿದ ಮೇಣದ ಹಲ್ಲೆಗೆ, ಮೇಣದ ಪತಂಗ ಬಿದ್ದಿದೆಯೇ ಎಂದು ನೋಡುತ್ತಿರಬೇಕು. ಆದ್ದರಿಂದ ಪೆಟ್ಟಿಗೆಯ ಹಿಂದೆ ನೀವು ಆರಾಮವಾಗಿ ನಿಲ್ಲುವಷ್ಟು ಜಾಗ ಬೇಕು. ಮರೆ ಸಿಕ್ಕಿತೆಂದು ಇಕ್ಕಟ್ಟಿನಲ್ಲಿ ತುರುಕಬೇಡಿ. ಆಮೇಲೆ ಹತ್ತಡಿ ಸರಿಸಿದರೂ ಮೇಯಲು ಹೋದ ಹುಳುಗಳು ಹಳೆಯ ಜಾಗಕ್ಕೇ ಮರಳಿ ಸುತ್ತುತ್ತವೆ.

ಡೊಂಬಿವಲಿ: ನಮಗೆ ಹಿತ್ತಲಿಲ್ಲ, ಬಾಲ್ಕನಿಯಲ್ಲಿ ಮುಜಂಟಿ ಎಂಬ ಪುಟ್ಟ ಜೇನು ಸಾಕಿದ್ದೇವೆ. ಅದಕ್ಕೆ ಕುಟುಕುವ ಮುಳ್ಳಿಲ್ಲ. ಜೇನು ಸಿಗುವುದು ತೀರಾ ಕಡಿಮೆ, ಆದರೆ ಮಕ್ಕಳಿರುವ ಕಟ್ಟಡಕ್ಕೆ ಇದೇ ಸರಿ.

ಚಿಂಚವಡ: ಮೇಲಿನವರ ಮಾತೆಲ್ಲ ಒಪ್ಪುತ್ತೇನೆ. ಆದರೆ ದಾರಿಹೋಕರಿಂದ ಮರೆ ಇರಲಿ, ನೆರೆಯವರಿಂದ ಮಾತ್ರ ಮುಚ್ಚಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಜೇನಿನ ವಿಷ ತೀವ್ರವಾಗಿ ಒಗ್ಗದವರಿಗೆ ಒಂದೇ ಕಡಿತ ಪ್ರಾಣಕ್ಕೆ ಮುಳುವಾಗಬಹುದು. ಅಂಥವರು ಪಕ್ಕದಲ್ಲಿದ್ದಾರೆಯೇ ಎಂದು ಮೊದಲೇ ವಿಚಾರಿಸಿ. ಇದ್ದರೆ ಆಸೆ ಕೈಬಿಡಿ. ಇಲ್ಲಿ ಜೇನು ಎಂದರೆ ಬಹುಮಂದಿಗೆ ಎತ್ತರದ ಕಟ್ಟಡಗಳಿಗೆ ಜೋತುಬಿದ್ದ ಹೆಜ್ಜೇನು, ಮರಾಠಿಯ ಆಗ್ಯಾ, ಅಷ್ಟೇ ಗೊತ್ತು. ತುಡುವೆ ಬೇರೆ, ಅದು ಸಾಧು ಎಂದು ಕರೆದು ತೋರಿಸಿ. ಇಲ್ಲದಿದ್ದರೆ ಹೆದರಿದವರು ಕೀಟನಾಶಕದವರನ್ನು ಕರೆಸುತ್ತಾರೆ, ಇಡೀ ಜೇನುಕುಟುಂಬ ಸಾಯುತ್ತದೆ. ಸೊಳ್ಳೆಗೆ ಹೊಗೆ ಬಿಡುವ ಸಂಜೆ ಹುಳುಗಳು ಒಳಸೇರಿದ ಮೇಲೆ ಬಾಗಿಲಿಗೆ ಬಲೆ ಹಾಕಿ ಒದ್ದೆ ಗೋಣಿ ಹೊದಿಸಿ, ಹೊಗೆ ಕರಗಿದೊಡನೆ ತೆಗೆಯಿರಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ವಂದನೆ. ನಾನು ನೋಡಿಟ್ಟಿದ್ದ ಮೂಲೆಯ ಆಚೆಯೇ ಪಕ್ಕದವರ ಬಟ್ಟೆಯ ತಂತಿ ಇದೆ! ತಾರಸಿಯ ಮೆಟ್ಟಿಲುಕೋಣೆಯ ಪೂರ್ವದ ಬದಿ ಆಗಬಹುದೇ?

ಕೊಥರೂಡ್: ಆಗುತ್ತದೆ ಅಕ್ಕ. ಗಾಳಿಗೆ ಉರುಳದಂತೆ ಬಿಗಿಯಾಗಿ ಕಟ್ಟಿ, ಮೇಲೆ ನೆರಳಿಗೆ ಸೋಗೆ ಹೊದಿಸಿ. ರಾತ್ರಿ ಉರಿಯುವ ದೀಪ ಬಾಗಿಲಿಗೆ ನೇರವಾಗಿ ಬೀಳದಿರಲಿ, ಹುಳುಗಳು ಬೆಳಕಿಗೆ ಎದ್ದು ಬರುತ್ತವೆ.