ಕೈಲ್‌ಪೊಳ್ದಿಗೆ ಮೊದಲು ಅಣ್ಣನ ಮಗಳಿಗೆ ಕೋವಿ ಕಲಿಸಬೇಕು, ಎಲ್ಲಿಂದ ಶುರು ಮಾಡಲಿ?

ಬೆಟ್ಟದ ಮನೆ:
ನಮ್ಮದು ವಿರಾಜಪೇಟೆ ಕಡೆ. ಅಣ್ಣನ ಮಗಳಿಗೆ 22 ವರ್ಷ, ಬೆಂಗಳೂರಿನಲ್ಲಿ ಕೆಲಸ. ಈ ಸೆಪ್ಟೆಂಬರ್ 3ರ ಕೈಲ್‌ಪೊಳ್ದಿಗೆ, ಅಂದರೆ ನಮ್ಮ ಕೊಡವರ ಆಯುಧಪೂಜೆ ಹಬ್ಬಕ್ಕೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ನಿಲ್ಲಬೇಕು ಎಂದು ಆಸೆ ಪಟ್ಟಿದ್ದಾಳೆ. ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. "ಕೊಡವರ ಹುಡುಗಿಗೆ ಕೋವಿ ಹಿಡಿಯೋದು ಕಲಿಸಬೇಕಾ?" ಎನ್ನುತ್ತಾರೆ ಮನೆಯ ದೊಡ್ಡವರು.

ಹೋದ ಭಾನುವಾರ ಖಾಲಿ ಕೋವಿ ಕೊಟ್ಟೆ. ಸರಿಯಾಗಿಯೇ ಹಿಡಿದಳು. ಅಷ್ಟರಲ್ಲಿ ಅತ್ತಿಗೆ ಅಡುಗೆಮನೆಯಿಂದ ಕೂಗಿದರು. "ಏನಮ್ಮಾ?" ಎಂದು ಪೂರ್ತಿ ತಿರುಗಿಬಿಟ್ಟಳು, ಕೋವಿ ಸಮೇತ. ನಳಿಗೆ ನನ್ನ ಹೊಟ್ಟೆಯ ಮುಂದೆ ಹಾದು, ಜಗಲಿಯಲ್ಲಿ ಕೂತಿದ್ದ ಅಪ್ಪನ ಎದೆಯ ನೇರಕ್ಕೂ ಬಂತು. ಖಾಲಿ ಎಂದು ಗೊತ್ತಿತ್ತು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಬೈದರೆ ಹೆದರುತ್ತಾಳೆ, ಸುಮ್ನೆ ಬಿಟ್ಟರೆ ಅದೇ ಅಭ್ಯಾಸ ಆಗುತ್ತೆ. ಕಲಿಸಿದವರು ದಯವಿಟ್ಟು ಹೇಳಿ. ನಮ್ಮದು 12 ಬೋರ್, ಜೋಡಿ ನಳಿಗೆ, ನಡುವೆ ಮಡಚಿ ತೆರೆಯುವ ಕೋವಿ.

ಹಳೇ ಕೆಡೆಟ್:
ಎನ್‌ಸಿಸಿಯಲ್ಲಿ ನಮಗೆ .22 ರೈಫಲ್. ಗುಂಡು ಕೈಗೆ ಕೊಡುವ ಮೊದಲು ಬರೀ 'ಭರ್' (ತುಂಬು), 'ಖಾಲಿ ಕರ್' (ಖಾಲಿ ಮಾಡು) ಎಂದು ಮಾಡಿಸಿ ಮಾಡಿಸಿ ಸುಸ್ತು ಮಾಡಿಸಿದ್ದರು. ಹೊಡೆದು ಮುಗಿದ ಮೇಲೂ ಹವಾಲ್ದಾರರು ಒಬ್ಬೊಬ್ಬರ ಚೇಂಬರ್ (ಗುಂಡು ಕೂರುವ ಜಾಗ) ಬಗ್ಗಿ ನೋಡುವ ತನಕ ಯಾರೂ ನೆಲದಿಂದ ಏಳುವ ಹಾಗಿಲ್ಲ. ನೀವೂ ಮೊದಲ ದಿನ ತೋಟಾಗಳನ್ನು (ಕಾರ್ಟ್ರಿಡ್ಜ್) ಮನೆಯಿಂದ ಹೊರಗೆ ತರಲೇಬೇಡಿ.

ತೋಟದವರು:
ನನ್ನ ಇಬ್ಬರು ಮಕ್ಕಳಿಗೂ ಪಕ್ಕದ ಮನೆಯವರಿಗೂ ನಾನೇ ಕಲಿಸಿದ್ದು. 1861ರಿಂದ ನಮಗೆ ಕೊಡವರಿಗೆ ಕೋವಿ ಲೈಸೆನ್ಸ್ ವಿನಾಯಿತಿ ಇದೆ, ಈಗ 2029ರ ಅಕ್ಟೋಬರ್ ತನಕ ಮುಂದುವರಿಸಿದ್ದಾರೆ. ಕೋವಿ ನೋಡಿಕೊಂಡೇ ಬೆಳೆಯುತ್ತೇವೆ. ಅದಕ್ಕೇ ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ನಿಮಗೆ ಸಮಾಧಾನ ಇಲ್ಲದ್ದೇ ಸರಿ.

ಬೈಯಬೇಡಿ. ಅವಳು ತಿರುಗಿದ್ದು ಸಹಜ. ಹೆಸರು ಕರೆದರೆ ಯಾರಾದರೂ ತಿರುಗುತ್ತಾರೆ. ಕಾಯಿ ಒಡೆದ ಖುಷಿಯಲ್ಲಂತೂ ಇನ್ನೂ ಜೋರಾಗಿ ತಿರುಗುತ್ತಾರೆ. ಆಗ ಒಂದು ನಳಿಗೆ ಖಾಲಿ, ಇನ್ನೊಂದರಲ್ಲಿ ತೋಟಾ ಹಾಗೇ ಇರುತ್ತೆ! ನಾನು ಹೆದರುವುದು ಆ ಗಳಿಗೆಗೇ. ಮೊದಲ ದಿನಗಳಲ್ಲಿ ಒಂದೇ ತೋಟಾ ಹಾಕಿಸಿ, ಎರಡು ಬೇಡ.

ನಾನು ಮಾಡುವುದು ಇಷ್ಟು. ಬರೆಗೆ (ಮಣ್ಣಿನ ದಿಬ್ಬದ ಗೋಡೆಗೆ) ಮುಖ ಮಾಡಿ ಖಾಲಿ ಕೋವಿ ಹಿಡಿಸಿ ನಿಲ್ಲಿಸುತ್ತೇನೆ. ಪಕ್ಕದಲ್ಲಿ ಒಂದು ಮೇಜು. ಬೆರಳು ಟ್ರಿಗರ್ ಗಾರ್ಡಿನ ಹೊರಗೆ ಚಾಚಿರಬೇಕು. ಹಿಂದಿನಿಂದ ಬೇಕೆಂದೇ ಕೂಗುತ್ತೇನೆ. ಕೂಗು ಕೇಳಿದರೆ ಕೋವಿ ಮಡಚಿ ತೆರೆಯಬೇಕು, ಎರಡು ತೂತನ್ನೂ ನೋಡಬೇಕು, ಮೇಜಿನ ಮೇಲಿಡಬೇಕು. ಆಮೇಲೆ ತಿರುಗಬೇಕು. 20 ಸಲ, 30 ಸಲ. ಕಾಲು ತಾನಾಗಿಯೇ ನಿಲ್ಲುವ ತನಕ.

ಇನ್ನೊಂದು ವಿಷಯ. ಹಬ್ಬದ ಪೂಜೆಯಲ್ಲಿ ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸುತ್ತೇವಲ್ವಾ? ಹೂ ತೆಗೆದರೂ ತೊಟ್ಟಿನ ಚೂರು ಒಳಗೇ ಉಳಿಯಬಹುದು. ಅಡ್ಡ ಏನಾದರೂ ಇದ್ದಾಗ ಹೊಡೆದರೆ ನಳಿಗೆಯೇ ಸಿಡಿಯಬಹುದು. ಕೋವಿ ಮಡಚಿ, ತೋಟಾ ಹಾಕುವ ಕಡೆಯಿಂದ ನೋಡಿಸಿ. ಆಚೆ ತುದಿಯ ಬೆಳಕು ದುಂಡಗೆ ಕಾಣಬೇಕು.

ಕಾಯಿಯ ಹಿಂದೆ ಎತ್ತರದ ಮಣ್ಣಿನ ಬರೆಯೇ ಇರಲಿ, ಕಾಫಿ ಗಿಡ ಅಲ್ಲ. ಗಿಡದ ಆಚೆ ಕೆಲಸದವರು ಇದ್ದರೆ ಕಾಣುವುದಿಲ್ಲ. .22 ಗುಂಡಾದರೆ ಒಂದು ಕಿಲೋಮೀಟರಿಗೂ ಜಾಸ್ತಿ ಹೋಗುತ್ತೆ. 'ಟಿಕ್' ಎಂದು ಗುಂಡು ಹಾರದಿದ್ದರೆ ತಕ್ಷಣ ತೆರೆಯಬಾರದು. ನಳಿಗೆ ಬರೆ ಕಡೆಗೇ ಇಟ್ಟು 30 ಎಣಿಸಲಿ.

ಬೆಟ್ಟದ ಮನೆ:
ಸರ್, ಈ ಭಾನುವಾರ ನೀವು ಹೇಳಿದ ಹಾಗೇ ಮಾಡಿಸಿದೆ. ಮೊದಲ ಆರೇಳು ಸಲ ಭುಜ ತಿರುಗಿತು. ಕೊನೆಗೆ ಅತ್ತಿಗೆ ನಿಜವಾಗಿಯೇ ಕಾಫಿಗೆ ಕರೆದರು. ಕೋವಿ ತೆರೆದಳು, ನೋಡಿದಳು, ಮೇಜಿನ ಮೇಲಿಟ್ಟಳು. ಆಮೇಲೆ "ಬಂದೆ ಅಮ್ಮಾ" ಎಂದಳು. ನನಗೆ ಕಣ್ಣು ತುಂಬಿ ಬಂತು. ಮುಂದಿನ ವಾರ ಒಂದೇ ತೋಟಾ. ಕಿವಿಗೆ ಹತ್ತಿ ಸಾಕಾ?

ತೋಟದವರು:
ಹತ್ತಿ ಸಾಲದು. ಇಯರ್‌ಮಫ್ ತಂದುಕೊಡಿ, ಪಕ್ಕದಲ್ಲಿ ನಿಲ್ಲುವ ನಿಮಗೂ ಒಂದು. ಬಲ ಭುಜದಿಂದ ಹೊಡೆಯುವವರಿಗೆ ಸದ್ದು ಎಡಗಿವಿಗೆ ಜಾಸ್ತಿ ಬಡಿಯುತ್ತೆ. ನಾನು ಈಗ ಫೋನ್ ಬಲಗಿವಿಗೇ ಹಿಡಿಯುವುದು.