ಪದ ಬೇಕು: ಅಬ್ಡಾಮಿನಲ್ ಅಯೋರ್ಟಿಕ್ ಅನ್ಯೂರಿಸಂ (ತುರ್ತು)

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡದ ಹಿರಿಯರಿಗಾಗಿ ಒಂದು ಪುಟದ ಕರಪತ್ರ ಮಾಡುತ್ತಿದ್ದೇವೆ, ನಾಳೆ ಪ್ರಿಂಟಿಗೆ ಹೋಗಬೇಕು. ಇಲ್ಲಿ ಗಂಡಸರಿಗೆ 65 ತುಂಬುವ ವರ್ಷ ಎನ್‌ಎಚ್‌ಎಸ್‌ನಿಂದ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಹೊಟ್ಟೆ ಸ್ಕ್ಯಾನಿಂಗ್‌ಗೆ ಬನ್ನಿ ಅಂತ ಕಾಗದ ಬರುತ್ತದೆ. ಕಾಯಿಲೆಯ ಹೆಸರು ಅರ್ಥವಾಗದೆ ಕೆಲವರು ಅದನ್ನು ಪಕ್ಕಕ್ಕಿಡುತ್ತಾರೆ. 'ಹೊಟ್ಟೆಯ ಮಹಾಪಧಮನಿಯ ಉಬ್ಬು' ಅಂದರೆ ಸರೀನಾ?

ಮರು:
ಮಹಾಪಧಮನಿ ಬೇಡ. 'ಧಮನಿ' ಬಂದಿರುವುದೇ ಊದು ಅನ್ನುವ ಅರ್ಥದ ಸಂಸ್ಕೃತ ಧಾತುವಿನಿಂದ, ಊದಿದ್ದಕ್ಕೆ ಮತ್ತೆ ಉಬ್ಬು ಯಾಕೆ? ಹೆನ್ನೆತ್ತರಗೊಳವೆ ಅನ್ನಿ. ಕನ್ನಡದಲ್ಲೇ ಇದೆ, ಮುಗಿಯಿತು.

ಮರು: ಮರು:
ಮುಗಿದಿಲ್ಲ ಸರ್. ಹೆನ್ನೆತ್ತರಗೊಳವೆಯಲ್ಲಿ ಹಿರಿದಾಗಿದ್ದು ನೆತ್ತರು, ಗೊಳವೆಯಲ್ಲ. ಅದಿರಲಿ, ಮೇಡಂ, 'ಉಬ್ಬು' ಮಾತ್ರ ಹಾಕಲೇಬೇಡಿ. ಹೊಟ್ಟೆಯ ಪಕ್ಕ ಉಬ್ಬು ಬಂದರೆ ಓದುವವರ ತಲೆಗೆ ಬರುವುದು ಹೊಟ್ಟೆ ಉಬ್ಬರ, ಗ್ಯಾಸ್ ಅಂತ ಓಂಕಾಳು ಅಗಿದು ಸುಮ್ನಾಗುತ್ತಾರೆ. 'ನರ ಉಬ್ಬಿದೆ' ಅಂದರೆ ಕಾಲಿನದು. 'ಗಂಟು' ಅಂದರೆ ಕ್ಯಾನ್ಸರ್ ಅಂತ ಹೆದರುತ್ತಾರೆ. 'ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಹಿಗ್ಗುವುದು' ಅಂತ ಬರೆಯಿರಿ. ಆಗುವುದೂ ಅದೇ, ನಾಳದ ಗೋಡೆ ಸೋತು ಅಗಲವಾಗುತ್ತಾ ಹೋಗುತ್ತದೆ. ಜೊತೆಗೆ ಅನ್ಯೂರಿಸಂ ಅಂತಲೂ ಇರಲಿ, ಬರುವ ಕಾಗದದಲ್ಲಿ ಅವರು ಹುಡುಕಬೇಕಾದ್ದು ಆ ಪದವನ್ನೇ ಅಲ್ವಾ?

ಮರು: ಮರು: ಮರು:
ಹಿಗ್ಗು ಅಂದರೆ ಸಂತೋಷ. ಕಾಯಿಲೆಗೆ ಹೊಂದದು. ರಕ್ತ, ನಾಳ ಎರಡೂ ಎರವಲು. ಹೀಗೇ ಒಂದೊಂದೇ ಬಿಡುತ್ತಾ ಹೋದರೆ ಕೊನೆಗೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಮರು: ಮರು: ಮರು: ಮರು:
ಹಾಕಿ ಹಾಕಿ ಸ್ವೆಟರ್ ಹಿಗ್ಗಿತು ಅಂತ ನಿಮ್ಮ ಮನೆಯಲ್ಲಿ ಅನ್ನುವುದಿಲ್ಲವಾ? ಬಿಪಿ, ಶುಗರ್, ಸ್ಟೆಂಟ್ ಹಳ್ಳಿಯ ಅಜ್ಜಂದಿರ ಬಾಯಲ್ಲೂ ಇವೆ, ಅವರ ಕನ್ನಡ ಕೆಟ್ಟಿಲ್ಲ. ನೆತ್ತರು ನನಗೂ ಇಷ್ಟದ ಪದ, ಆದರೆ ಈ ಕಾಯಿಲೆ ಎಷ್ಟೋ ಜನರಲ್ಲಿ ನೋವಿಲ್ಲದೆ ಬೆಳೆಯುತ್ತದೆ, ಒಡೆದರೆ 10ರಲ್ಲಿ ಸುಮಾರು 8 ಮಂದಿ ಉಳಿಯುವುದಿಲ್ಲ. ಓದಿದ ತಕ್ಷಣ ಅರ್ಥವಾಗಲೇಬೇಕಾದ ಜಾಗ ಇದು.

ಮೇಡಂ, ನಾಳದ ಅಳತೆಗೆ 'ವ್ಯಾಸ' ಬೇಡ, 'ಅಗಲ' ಸಾಕು. 3 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೊಂದರೆ ಇಲ್ಲ. 3ರಿಂದ 4.4 ಇದ್ದರೆ ವರ್ಷಕ್ಕೊಮ್ಮೆ, 4.5ರಿಂದ 5.4 ಇದ್ದರೆ ಮೂರು ತಿಂಗಳಿಗೊಮ್ಮೆ ಸ್ಕ್ಯಾನ್. 5.5 ಮುಟ್ಟಿದರೆ ಆಪರೇಷನ್ ಮಾತು ಬರುತ್ತದೆ. ಸ್ಕ್ಯಾನಿಗೆ ಹತ್ತು ನಿಮಿಷ, ಸೂಜಿ ಇಲ್ಲ, ನೋವಿಲ್ಲ ಅಂತ ಮೊದಲ ಸಾಲಲ್ಲೇ ಹೇಳಿ. ಬೀಡಿ ಸಿಗರೇಟು ಸೇದಿದವರಿಗೆ, ಅಪ್ಪನಿಗೋ ಅಣ್ಣತಮ್ಮಂದಿರಿಗೋ ಇದು ಇದ್ದವರಿಗೆ ಅಪಾಯ ಜಾಸ್ತಿ. 65 ದಾಟಿಯೂ ಸ್ಕ್ಯಾನ್ ಆಗದವರು ತಾವಾಗಿಯೇ ಫೋನ್ ಮಾಡಿ ಕೇಳಬಹುದು. ಇದ್ದಕ್ಕಿದ್ದಂತೆ ಹೊಟ್ಟೆಯಲ್ಲೋ ಬೆನ್ನಲ್ಲೋ ಜೋರು ನೋವು ಬಂದು ಬೆವರು, ತಲೆಸುತ್ತು ಶುರುವಾದರೆ ಕಾಯಬಾರದು, ಇಲ್ಲಿನ ತುರ್ತು ನಂಬರ್ 999ಕ್ಕೆ ಫೋನ್. ಆ ಸಾಲು ದಪ್ಪ ಅಕ್ಷರದಲ್ಲಿರಲಿ.