ಬ್ರಷ್ ಅಣು: ಕುಸಿಯುವುದೇ, ಮುದುಡುವುದೇ?

ಮಾನ್ಯರೇ,

ಪಾಲಿಮರ್‌ಗಳನ್ನು, ಅಂದರೆ ಚಿಕ್ಕ ಘಟಕಗಳು ಸರಪಳಿಯಂತೆ ಕೂಡಿಕೊಂಡ ದೊಡ್ಡ ಅಣುಗಳನ್ನು, ಕುರಿತು ಕನ್ನಡದಲ್ಲಿ ಬರೆಯುವಾಗ ತೊಡಕಾದ ಮೂರು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯವನ್ನು ಕೋರುತ್ತೇನೆ.

ಉದ್ದನೆಯ ಮೂಲಸರಪಳಿಯ ಸುತ್ತಲೂ ಪಕ್ಕಸರಪಳಿಗಳು ಒತ್ತೊತ್ತಾಗಿ ಬೆಳೆದಿರುವ ಅಣುವನ್ನು ಇಂಗ್ಲಿಷಿನಲ್ಲಿ ಬಾಟಲಿ ತೊಳೆಯುವ ಬ್ರಷ್ಷಿಗೆ ಹೋಲಿಸುತ್ತಾರೆ. ಇದನ್ನು ‘ಕುಂಚಾಣು’ ಎನ್ನಲು ನನಗೆ ಮನಸ್ಸಾಗುತ್ತಿಲ್ಲ. ಚಿತ್ರಗಾರನ ಕುಂಚದಲ್ಲಿ ಕೂದಲಿರುವುದು ಒಂದು ತುದಿಯಲ್ಲಿ ಮಾತ್ರ. ಮೇಲಾಗಿ, ಮೇಲ್ಮೈಯಲ್ಲಿ ಬುಡವೂರಿ ಹುಲ್ಲಿನಂತೆ ನಿಂತ ಸರಪಳಿಗಳ ಹಾಸಿಗೂ ‘ಬ್ರಷ್’ ಎಂಬ ಹೆಸರೇ ಇರುವುದರಿಂದ ಎರಡೂ ಬೆರೆತುಹೋಗುತ್ತವೆ. ನವಣೆಯ ತೆನೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರೆ, ನಡುವೆ ಒಂದು ಕಡ್ಡಿ, ಅದರ ಸುತ್ತ ಕಾಳು, ಕಾಳುಗಳ ಸಂದಿಯಿಂದ ಎಲ್ಲ ದಿಕ್ಕಿಗೂ ಚಾಚಿದ ನವಿರು ಕೂದಲು ಕಾಣುತ್ತವೆ. ಹಾಗಾಗಿ ‘ತೆನೆಯಣು’ ಎಂದು ಬರೆದಿದ್ದೇನೆ.

ಎರಡನೆಯದು ಆಕಾರ ಬದಲಾವಣೆಯ ಮಾತು. ಅಭ್ರಕದ, ಅಂದರೆ ಕಾಗೆಬಂಗಾರದ, ಹಾಳೆಯ ಮೇಲೆ ಇಂಥ ಅಣುವನ್ನು ಹರಡಿದಾಗ ಪಕ್ಕಸರಪಳಿಗಳು ಮೇಲ್ಮೈಗೆ ಅಂಟಿಕೊಂಡು, ಜಾಗಕ್ಕಾಗಿ ಒಂದನ್ನೊಂದು ತಳ್ಳುತ್ತವೆ; ಆ ತಳ್ಳಾಟಕ್ಕೆ ಮೂಲಸರಪಳಿ ನೆಟ್ಟಗಾಗುತ್ತದೆ. ಎಥನಾಲ್ ಆವಿ ತಗುಲಿದರೆ ಅದೇ ಅಣು ಉಂಡೆಯಾಗುತ್ತದೆ, ನೀರಾವಿ ತಗುಲಿದರೆ ಮತ್ತೆ ಚಾಚಿಕೊಳ್ಳುತ್ತದೆ. ಮೊನಚು ಸೂಜಿಯಿಂದ ಮೇಲ್ಮೈಯನ್ನು ತಡವಿ ಚಿತ್ರ ಮೂಡಿಸುವ ಪರಮಾಣು ಬಲ ಸೂಕ್ಷ್ಮದರ್ಶಕದಲ್ಲಿ ಇದನ್ನು ಕಂಡ ವರದಿ 2004ರಲ್ಲಿ ಪ್ರಕಟವಾಯಿತು. ಉಂಡೆಯಾಗುವುದಕ್ಕೆ ಇಂಗ್ಲಿಷಿನಲ್ಲಿ ‘ಕೊಲ್ಯಾಪ್ಸ್’ ಎನ್ನುತ್ತಾರೆಂದು ಕನ್ನಡದಲ್ಲೂ ‘ಕುಸಿತ’ ಎನ್ನುವುದು ಸರಿಯಲ್ಲವೆಂದೇ ನನ್ನ ನಿಲುವು. ಕುಸಿದ ಗೋಡೆ ತಾನಾಗಿ ಏಳುವುದಿಲ್ಲ. ಮುದುಡಿದ ಮುಟ್ಟಿದರೆಮುನಿ ಮತ್ತೆ ಅರಳುತ್ತದೆ. ಹಿಂತಿರುಗಬಲ್ಲ ಬದಲಾವಣೆಗೆ ‘ಮುದುಡು’ ಎಂಬುದೇ ಒಪ್ಪುವ ಕ್ರಿಯಾಪದ.

ಮೂರನೆಯದು ನನ್ನಿಂದ ಬಗೆಹರಿದಿಲ್ಲ. ಪಕ್ಕಸರಪಳಿಗಳು ಬಹಳ ಉದ್ದವಾಗಿದ್ದರೆ ಎಳೆತ ಎಷ್ಟು ಹೆಚ್ಚುತ್ತದೆಂದರೆ, ಮೇಲ್ಮೈಗೆ ಅಂಟಿದ ಮಾತ್ರಕ್ಕೇ ಮೂಲಸರಪಳಿಯ ಇಂಗಾಲ–ಇಂಗಾಲ ಬಂಧಗಳು ತುಂಡಾಗುತ್ತವೆ. ಪಾಲಿಮರ್ ವಿಜ್ಞಾನಿ ಸರ್ಗೇಯ್ ಶೈಕೊ ಮತ್ತು ಸಂಗಡಿಗರು 2006ರಲ್ಲಿ ಇದನ್ನು ತೋರಿಸಿದರು. ಪಠ್ಯಪುಸ್ತಕದ ರೂಢಿಯಂತೆ ‘ಬಂಧ ಮುರಿಯಿತು’ ಎನ್ನಬಹುದು. ಆದರೆ ಕನ್ನಡದಲ್ಲಿ ಬಗ್ಗಿಸಿದ ಕೋಲು ಮುರಿಯುತ್ತದೆ, ಜಗ್ಗಿದ ಹಗ್ಗ ಹರಿಯುತ್ತದೆ. ಇಲ್ಲಿ ನಡೆಯುವುದು ಜಗ್ಗಾಟವೇ. ‘ಹರಿಯಿತು’ ಎಂದು ಬರೆಯೋಣವೆಂದರೆ, ಈ ಅಣುಗಳ ಹನಿ ಮೇಲ್ಮೈಯಲ್ಲಿ ದ್ರವದಂತೆ ಹರಿಯುವುದೂ ಇದೆ; ಒಂದೇ ಪುಟದಲ್ಲಿ ಎರಡು ಅರ್ಥಗಳು ಡಿಕ್ಕಿ ಹೊಡೆಯುತ್ತವೆ. ‘ಎಳೆ ಕಡಿಯಿತು’ ಎಂಬ ಬಳಕೆ ನಿಮ್ಮ ಕಡೆ ಇದೆಯೇ? ಇದ್ದರೆ, ಯಾರೂ ಕತ್ತರಿಸದೆ ಬಿಗಿತದಿಂದಲೇ ತುಂಡಾದುದಕ್ಕೂ ಅದು ಸಲ್ಲುತ್ತದೆಯೇ ಎಂಬುದನ್ನು ದಯವಿಟ್ಟು ತಿಳಿಸಿ.